ಚರ್ಮ ಹಿಡಿದ ದಿನ

ಆ ಹೆಂಗಸು ಮತ್ತೆ ಪ್ರಯೋಗಾಲಯದ ಬಾಗಿಲಲ್ಲಿ ನಿಂತಿದ್ದಳು.

“ಎಷ್ಟು ಬೆಳೀತು?”

“ಅಂಗೈಯಷ್ಟು,” ಎಂದಳು ಸಂಶೋಧಕಿ. ನಿನ್ನೆಯೂ ಅದನ್ನೇ ಹೇಳಿದ್ದಳು. ದಿನ ತಪ್ಪದೆ ಬಂದು ವಿಚಾರಿಸುವ ಅವಳಿಗೆ ವಿದ್ಯಾರ್ಥಿಗಳು ‘ಇನ್‌ಸ್ಪೆಕ್ಟರ್’ ಎಂದು ಹೆಸರಿಟ್ಟಿದ್ದರು.

ಮನೆಗೆ ಬೆಂಕಿ ಬಿದ್ದು ಲಾರಿ ಚಾಲಕನೊಬ್ಬನ ಬೆನ್ನು, ಎದೆ, ತೋಳು ಸುಟ್ಟಿದ್ದವು. ಗಾಯ ಮುಚ್ಚುವಷ್ಟು ಒಳ್ಳೆಯ ಚರ್ಮ ಅವನ ಮೈಮೇಲೆ ಉಳಿದಿರಲಿಲ್ಲ. ತೊಡೆಯಿಂದ ಅಂಚೆಚೀಟಿಯಷ್ಟು ತೆಗೆದು, ಅದರ ಜೀವಕೋಶಗಳನ್ನು ಬೆಚ್ಚಗಿನ ಪೆಟ್ಟಿಗೆಯಲ್ಲಿಟ್ಟು, ಪೋಷಕ ದ್ರವ ಉಣಿಸಿ, ಮೆದುವಾದ ಜಾಲರಿಯ ಮೇಲೆ ಹಾಳೆಯಾಗಿ ಬೆಳೆಸುವುದು ವಿಶ್ವವಿದ್ಯಾಲಯದ ಪ್ರಯೋಗ. ಪಕ್ಕದ ಆಸ್ಪತ್ರೆಯಿಂದ ಸಂಶೋಧಕಿಯ ಕೈಗೆ ಬಂದದ್ದು ಚರ್ಮದ ತುಂಡು ಮಾತ್ರ. ಮನುಷ್ಯರ ಕಥೆ ಅದರ ಜೊತೆ ಬಂದಿರಲಿಲ್ಲ.

ಆದರೂ ಇನ್‌ಸ್ಪೆಕ್ಟರ್ ಅವಳಿಗೆ ವಿಚಿತ್ರವೆನಿಸಿದಳು. ಒಮ್ಮೆಯೂ ಅಳಲಿಲ್ಲ. ಅವನನ್ನು ನೋಡಲು ಬರುತ್ತಿದ್ದವಳು ಇವಳೊಬ್ಬಳೇ. ಅದೂ ವಾರ್ಡಿನ ಗಾಜಿನ ಈಚೆಯಿಂದಲೇ. ನರ್ಸ್ ಕರೆದರೂ ಒಳಗೆ ಕಾಲಿಡುತ್ತಿರಲಿಲ್ಲ. ಪ್ರಜ್ಞೆಯಿಲ್ಲದವನ ಕಿವಿಗೆ ಬೀಳಲಿ, ಅವರಿಗೆ ಯಾವ ಹಾಡು ಇಷ್ಟ ಎಂದು ನರ್ಸ್ ಕೇಳಿದರೆ, ಗೊತ್ತಿಲ್ಲ ಅಂದಳಂತೆ. ಎಂಥ ಹೆಂಡತಿ ಎಂದು ಸಂಶೋಧಕಿ ಮನಸ್ಸಿನಲ್ಲೇ ಮುಖ ಸಿಂಡರಿಸಿದಳು.

ಒಂದು ಬೆಳಿಗ್ಗೆ ಎರಡು ಹಾಳೆಗಳಿಗೆ ಬೂಷ್ಟು ಹಿಡಿದಿತ್ತು. ಎಸೆಯದೆ ಬೇರೆ ದಾರಿಯಿರಲಿಲ್ಲ. ಸುದ್ದಿ ಕೇಳಿದ್ದೇ ಹೆಂಗಸು ಗೋಡೆಗೆ ಒರಗಿ ಕುಸಿದಳು.

“ನನ್ನ ಚರ್ಮ ಸುಲಿದು ಹಾಕಿ, ಮೇಡಂ. ಅವರು ಉಳೀಬೇಕು.”

ಬೇರೆಯವರ ಚರ್ಮ ಕೊನೆಯವರೆಗೆ ನಿಲ್ಲುವುದಿಲ್ಲ, ಅವರದೇ ಆಗಬೇಕು ಎಂದು ಸಂಶೋಧಕಿ ತಿಳಿಹೇಳಿದಳು. ತಾನು ಅಂದುಕೊಂಡಿದ್ದಕ್ಕೆ ನಾಚಿಕೆಯಾಯಿತು. ಅಂದಿನಿಂದ ಉಳಿದ ಹಾಳೆಗಳನ್ನು ಕಣ್ಣಲ್ಲಿ ಕಣ್ಣಿಟ್ಟು ಕಾದಳು. ಹೊರಗಿನ ಸ್ಟೀಲ್ ಬೆಂಚಿನ ಮೇಲೆ ಹೆಂಗಸಿಗೆ ಒಂದು ಲೋಟ ಚಹಾವನ್ನೂ ತಂದಿಡತೊಡಗಿದಳು.

ಶಸ್ತ್ರಚಿಕಿತ್ಸೆ ನಡೆಯಿತು. ಈರುಳ್ಳಿಯ ಒಳಪೊರೆಯಷ್ಟು ತೆಳುವಾದ ಹಾಳೆಗಳು ಒಂದೊಂದಾಗಿ ಗಾಯದ ಮೇಲೆ ಕೂತವು. ಕೆಲವು ಕಿತ್ತುಬಂದವು, ಹೆಚ್ಚಿನವು ಹಿಡಿದವು. ಜ್ವರ ಇಳಿಯಿತು. ಅವನಿಗೆ ಎಚ್ಚರವಾಯಿತು.

ಅಂದು ಸಂಶೋಧಕಿಯೇ ಅವಳ ಕೈ ಹಿಡಿದು ಒಳಗೆ ಕರೆದೊಯ್ದಳು. ಅವನು ಬಹಳ ಹೊತ್ತು ಅವಳ ಮುಖ ನೋಡಿದ.

“ಯಾರಮ್ಮ ನೀವು?”

ಸಂಶೋಧಕಿ ತಬ್ಬಿಬ್ಬಾದಳು. ಹೆಂಗಸು ಮಾತ್ರ ಮೆಲ್ಲಗೆ ಹೇಳಿದಳು: “ಯಾರದೋ ಮನೆ ಅನ್ನದೆ ಬೆಂಕಿಯೊಳಗೆ ನುಗ್ಗಿ ಒಂದು ಮಗುನ ಎತ್ಕೊಂಡು ಬಂದ್ರಲ್ಲ ಅಣ್ಣ, ಆ ಮಗು ನಂದು.”

“ಹೇಗಿದ್ದಾಳೆ?”

“ಚೆನ್ನಾಗಿದ್ದಾಳೆ. ಶಾಲೆಗೆ ಹೋಗಿದ್ದಾಳೆ.”

ಅವನು ಕಣ್ಣು ಮುಚ್ಚಿದ. ಎದೆಯ ಭಾರ ಇಳಿದವನಂತೆ ಹಾಗೇ ನಿದ್ದೆ ಹೋದ.

ಹೊರಗೆ ಬಂದ ಮೇಲೆ ಸಂಶೋಧಕಿ ಕಣ್ಣೊರೆಸಿಕೊಂಡು, ನಾಳೆ ಬರುವಾಗ ಮಗಳನ್ನೂ ಕರೆತನ್ನಿ, ನೋಡಿದರೆ ಅವರು ಇನ್ನೂ ಬೇಗ ಚೇತರಿಸಿಕೊಳ್ಳುತ್ತಾರೆ ಎಂದಳು.

“ಅವಳು ಅವತ್ತೇ ಹೋಗಿಬಿಟ್ಲು, ಮೇಡಂ. ಅವರ ತೋಳಲ್ಲೇ.”