ಎರಡು ಬೆರಳು ಹಣೆ

ಐನೂರು ವರ್ಷದ ಹಿಂದೆ ಇಟಲಿಯಲ್ಲಿ ಬರೆದ ಅಗಲ ಹಣೆಯ ಸುಂದರಿಯ ಚಿತ್ರವೇ ಈಗ ಧಾರವಾಡಕ್ಕೂ ಕಾನೂನು. ಹದಿನೆಂಟು ತುಂಬಿದ ಹೆಣ್ಣುಮಕ್ಕಳೆಲ್ಲ ಆ ಚಿತ್ರದ ಪಕ್ಕ ನಿಂತು ಹಣೆ ಅಳೆಸಿಕೊಳ್ಳಬೇಕು. ಆ ಸುಂದರಿಯಷ್ಟು ಅಗಲವಿಲ್ಲದಿದ್ದರೆ ಚಿಮಟ ಹಿಡಿದು ಮುಂಗೂದಲು ಕೀಳುವುದು ದ್ಯಾಮವ್ವನ ನೌಕರಿ. ಇಪ್ಪತ್ತು ವರ್ಷದಲ್ಲಿ ಅವಳು ಒಬ್ಬರನ್ನೂ ಬಿಟ್ಟಿರಲಿಲ್ಲ. ಇವತ್ತು ಎದುರಿಗೆ ನಿಂತವಳು ಸ್ವಂತ ಮಗಳು ಶಾಂಭವಿ.

"ಎರಡು ಬೆರಳು ಕಡಿಮಿ ಐತಿ. ಕೀಳ ದ್ಯಾಮವ್ವ," ಎಂದ ಅಳತೆಯ ಸಾಹೇಬ.

"ಯವ್ವಾ, ಭಾಳ ನೋಯ್ತೈತೇನ್ಬೇ?" ಮಗಳು ಮೆಲ್ಲಗೆ ಕೇಳಿದಳು.

ದ್ಯಾಮವ್ವ ಚಿಮಟ ಕೆಳಗಿಟ್ಟಳು. ತನ್ನ ಕಾಡಿಗೆ ಡಬ್ಬಿ ತೆಗೆದು ನೆಟ್ಟಗೆ ಚಿತ್ರದ ಬಳಿ ಹೋಗಿ, ಸುಂದರಿಯ ಬೋಳು ಹಣೆಯ ಮೇಲೆ ಎರಡು ಬೆರಳಿನಷ್ಟು ಕಪ್ಪು ಕೂದಲು ತೀಡಿದಳು.

"ತಪ್ಪು ಅಕೀದಿತ್ರಿ ಸಾಹೇಬ್ರ, ತಿದ್ದೇನಿ. ಈಗ ಅಳೀರಿ."