ಮೂರು ಹಾರ್ನ್

ಘಾಟಿಯ ಆ ಒಂದು ತಿರುವಿಗೆ ಬಂದರೆ ಸಾಕು, ಪ್ರತಿ ಲಾರಿಯೂ ಮೂರು ಸಲ ಹಾರ್ನ್ ಹೊಡೆಯುತ್ತಿತ್ತು. ಏಳು ದಿನದಿಂದ ಸೈಕಲ್ ತುಳಿದು ಬಂದವನು ಬೆಚ್ಚಿ, ಎರಡು ಬಾರಿ ಮೋರಿಗೆ ಬೀಳುವುದರಲ್ಲಿದ್ದ. ಹೋದ ವರ್ಷ ದೀಪಾವಳಿಯಲ್ಲಿ ಇದೇ ಘಾಟಿ ಇಳಿದಾಗ ಕಿವಿಯಲ್ಲಿ ಇಯರ್‌ಫೋನ್ ಇತ್ತು; ಯಾರ ಗೊಡವೆಯೂ ಇರಲಿಲ್ಲ. ಈ ಸಲ ಅದು ಕೆಟ್ಟು ಕೂತಿತ್ತು.

ತಿರುವಿನಾಚೆ ಹೊಸದೊಂದು ಚಹಾದಂಗಡಿ. ಹೊರಗೆ ಸೈಕಲ್ ಒರಗಿಸಿ ಒಳಬಂದವನೇ ಅಂಗಡಿಯ ಹೆಂಗಸಿನ ಮುಂದೆ ಕಿಡಿಕಾರಿದ.

“ರಸ್ತೆ ಏನು ಇವರಪ್ಪಂದಾ ಅಕ್ಕಾ? ಸೈಕಲ್‌ನೋರು ಮನುಷ್ಯರಲ್ವಾ?”

“ಅದು ನಿಮಗಲ್ಲಣ್ಣ.” ಅವಳು ಲೋಟ ತೊಳೆಯುತ್ತಲೇ ಹೇಳಿದಳು. “ನಮ್ಮೆಜಮಾನ್ರಿಗೆ. ಅವರ ಲಾರಿ ಅಲ್ಲೇ ಕಣಿವೆಗೆ ಬಿತ್ತು. ಜೊತೆಗಾರ ಡ್ರೈವರುಗಳು ಹಾಗೆ ನಮಸ್ಕಾರ ಹಾಕ್ತಾರೆ.”

ಅವನ ದನಿ ಇಳಿಯಿತು. “ಬ್ರೇಕ್ ಹೋಗಿತ್ತಾ?”

“ಹೂಂ. ಮುಂದೆ ಒಬ್ಬ ಸೈಕಲ್‌ನೋನು ನಡುರಸ್ತೇಲಿ ಹೋಗ್ತಿದ್ನಂತೆ. ಎಷ್ಟು ಹಾರ್ನ್ ಹೊಡೆದ್ರೂ ಸರೀಲಿಲ್ಲ. ಅವನ ಮೇಲೆ ಹತ್ತಿಸೋಕೆ ಮನಸ್ಸು ಬರದೆ ಇವರು ಸ್ಟೇರಿಂಗ್ ಎಳೆದುಬಿಟ್ರು. ಹಾರಿಕೊಂಡ ಕ್ಲೀನರ್ ಹೇಳಿದ್ದು.”

“ಯಾವಾಗ?”

“ಹೋದ ದೀಪಾವಳೀಲಿ. ಆ ಸೈಕಲ್‌ನೋನಿಗೆ ಗೊತ್ತೇ ಆಗಲಿಲ್ಲ ಪಾಪ, ತಿರುಗೀನೂ ನೋಡ್ಲಿಲ್ಲ. ಹಿಂದುಗಡೆ ಹಳದಿ ಚೀಲ ಕಟ್ಟಿದ್ನಂತೆ. ಎಲ್ಲಾದ್ರೂ ಚೆನ್ನಾಗಿರ್ಲಿ.”

ಅವಳು ಚಹಾ ಹಿಡಿದು ಹೊರಬರುವಷ್ಟರಲ್ಲಿ ಅವನು ತನ್ನ ಸೈಕಲ್ಲಿನ ಹಳದಿ ಚೀಲಕ್ಕೆ ಅಡ್ಡವಾಗಿ ನಿಂತಿದ್ದ.