ಮೂಲೆಯ ಪೀಪಾಯಿ

"ಮೂಸಿ ಹೇಳು," ಎಂದು ಅನ್ಸೆಲ್ಮ್ ನೆಲಮಾಳಿಗೆಯ ಪೀಪಾಯಿಯಿಂದ ತೆಗೆದ ವೈನಿನ ಲೋಟವನ್ನು ಮಗಳ ಕೈಗೆ ಕೊಟ್ಟ.

ಸೆವರೀನ್ ಲೋಟದೊಳಗೆ ಮೂಗಿಟ್ಟು ಉಸಿರೆಳೆದಳು. ಏನೂ ಇಲ್ಲ. ಬಾವಿಯ ನೀರನ್ನು ಮೂಸಿದ್ದರೂ ಇಷ್ಟೇ. ಆದರೂ ಕಣ್ಣು ಅರೆಮುಚ್ಚಿ, ಹುಬ್ಬು ಗಂಟಿಕ್ಕಿ, ಬಲ್ಲವರು ಮಾಡುವ ಆಟವನ್ನೆಲ್ಲ ಮಾಡಿದಳು.

"ಚೆರ್ರಿ ಹಣ್ಣು. ಹಿಂದೆ ಸ್ವಲ್ಪ ಲವಂಗ," ಎಂದಳು. ಹೋದ ವರ್ಷ ಇದೇ ತೋಟದ ವೈನಿಗೆ ಅವಳೇ ಹೇಳಿದ್ದ ಮಾತು ಅದು.

ಅನ್ಸೆಲ್ಮ್ ತನ್ನ ಲೋಟವನ್ನೂ ಮೂಸಿದ, ಅವಳಿಗಿಂತ ಹೆಚ್ಚು ಹೊತ್ತು. ಆಮೇಲೆ "ಹೂಂ" ಎಂದು ಪೀಪಾಯಿಯ ಮೇಲೆ ಸರಿಯಿದೆ ಎಂಬ ಗುರುತಿಗೆ ಸೀಮೆಸುಣ್ಣದಿಂದ ಒಂದು ಗೀಟೆಳೆದ.

ಚಳಿಗಾಲದಲ್ಲಿ ಬಂದ ಜ್ವರ ಹೋಗುವಾಗ ಅವಳ ಮೂಗನ್ನೂ ಹೊತ್ತುಕೊಂಡು ಹೋಗಿತ್ತು. ಬೇರೆ ಊರಿನಲ್ಲಾಗಿದ್ದರೆ ನಾಲ್ಕು ಜನ ಅಯ್ಯೋ ಪಾಪ ಎಂದು ಸುಮ್ಮನಾಗುತ್ತಿದ್ದರು. ವೈನನ್ನೇ ನಂಬಿ ಬದುಕುವ ಬರ್ಗಂಡಿಯ ಈ ಹಳ್ಳಿಯಲ್ಲಿ ವಾಸನೆ ಹಿಡಿಯದ ಮೂಗೆಂದರೆ ಬದುಕೇ ಮುಗಿದಂತೆ. ಅವಳ ಚಿಕ್ಕಪ್ಪ ಲಿಯೋನ್ಸನಿಗೆ ಹಾಗಾದಾಗ ಅಪ್ಪನೇ ಮುಂದೆ ನಿಂತು ಅವನ ದ್ರಾಕ್ಷಿ ತೋಟವನ್ನು ಪೇಟೆಯ ವ್ಯಾಪಾರಿಗೆ ಗುತ್ತಿಗೆ ಕೊಡಿಸಿದ್ದ. "ಮೂಗು ಸತ್ತ ದಿನವೇ ನೆಲಮಾಳಿಗೆಯ ಬೀಗದ ಕೈ ಕೆಳಗಿಡಬೇಕು," ಎಂದು ಊಟದ ಮೇಜಿನಲ್ಲಿ ಎಲ್ಲರೆದುರು ಹೇಳಿದ್ದ. ಚಿಕ್ಕಪ್ಪ ಮತ್ತೆ ಈ ಮನೆಯ ಮೆಟ್ಟಿಲು ತುಳಿಯಲಿಲ್ಲ.

ತನಗೂ ಅದೇ ಗತಿ ಎಂದು ಸೆವರೀನ್ ನಡುಗುತ್ತಿದ್ದಳು. ಹುಟ್ಟಿದಾಗಿನಿಂದ ಅವಳು ಬಯಸಿದ್ದು ಈ ತೋಟವೊಂದನ್ನೇ.

ಇವತ್ತು ತಪ್ಪಿಸಿಕೊಳ್ಳುವ ದಾರಿಯೂ ಇರಲಿಲ್ಲ. ಬಾಟಲಿಗೆ ತುಂಬುವ ಮುನ್ನ ತೋಟದ ಪೀಪಾಯಿಗಳನ್ನೆಲ್ಲ ದೊಡ್ಡ ತೊಟ್ಟಿಯಲ್ಲಿ ಬೆರೆಸುವ ದಿನ. ಬೆರೆಸುವ ಮೊದಲು ಒಂದೊಂದನ್ನೂ ನೋಡಬೇಕು. ಹುಳಿಯಾಗಿದ್ದರೆ ನಾಲಿಗೆಗೇ ತಿಳಿಯುತ್ತದೆ, ಅದರ ಭಯ ಅವಳಿಗಿರಲಿಲ್ಲ. ಆದರೆ ಪೀಪಾಯಿಯ ಮರ ಕೆಟ್ಟು ವೈನಿಗೆ ಕುದುರೆ ಲಾಯದಂಥ ನಾತ ಹತ್ತಿದ್ದರೆ ಅದು ಸಿಗುವುದು ಮೂಗಿಗೆ ಮಾತ್ರ. ಅಂಥ ಒಂದೇ ಒಂದು ಪೀಪಾಯಿ ತೊಟ್ಟಿಗಿಳಿದರೆ ಸಾಕು, ಇಡೀ ಬೆಳೆ ಹಾಳು.

ಕೆಲವು ವರ್ಷಗಳಿಂದ ಅಪ್ಪ ಯಾವಾಗಲೂ ಅವಳ ಅಭಿಪ್ರಾಯವನ್ನೇ ಮೊದಲು ಕೇಳುತ್ತಿದ್ದ. ಪಾಠ ಹೇಳಿಕೊಡುತ್ತಿದ್ದಾನೆ ಎಂದು ಆಗೆಲ್ಲ ಹಿಗ್ಗುತ್ತಿದ್ದಳು. ಇವತ್ತು ಅದೇ ಮಾತು ಬಲೆಯಂತೆ ಕಂಡಿತು.

ನೆಲಮಾಳಿಗೆಯ ಮೆಟ್ಟಿಲ ತುದಿಯಲ್ಲಿ ಅಡುಗೆಮನೆಯ ಒಡತಿ, ಅಪ್ಪನ ತಂಗಿ ಪೋಲೆಟ್ ಅತ್ತೆ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು.

"ಅಲ್ಲ, ಮಧ್ಯಾಹ್ನದ ಮಾಂಸದ ಸಾರು ತಳ ಹಿಡಿದು ಸೀದ ವಾಸನೆ ಹೊಡೀತಿತ್ತು. ನಾನು ಈಗ ತಿನ್ನೋಕೆ ಕೂತಾಗ ಗೊತ್ತಾಯ್ತು. ನೀವಿಬ್ರೂ ತಟ್ಟೆ ಬಳಿದು ತಿಂದ್ರಲ್ಲ, ನನಗೆ ಅಷ್ಟೊಂದು ಹೆದರ್ತೀರಾ?"

ಸೆವರೀನ್ ಅಪ್ಪನತ್ತ ತಿರುಗಿದಳು. ಅಪ್ಪನೂ ತುಟಿ ಬಿಚ್ಚದೆ ತಿಂದಿದ್ದ. ಏಕೆ? ತಾನು ಏನನ್ನುತ್ತೇನೆ ಎಂದು ಕಾಯುತ್ತಿದ್ದನೇ?

"ನಿನ್ನ ಅಡುಗೆಗೆ ಹೆಸರಿಡೋಕಾಗುತ್ತಾ, ಪೋಲೆಟ್?" ಎಂದ ಅನ್ಸೆಲ್ಮ್, ಮಗಳ ಮುಖದಿಂದ ಕಣ್ಣು ಕೀಳದೆ.

"ವಯಸ್ಸಾಗ್ತಾ ಒಳ್ಳೆಯವನಾಗ್ತಿದ್ದೀಯಣ್ಣ," ಎಂದು ನಗುತ್ತಾ ಅವಳು ಹೊರಟುಹೋದಳು.

ಕೊನೆಗೆ ಉಳಿದಿದ್ದು ಮೂಲೆಯ ಪೀಪಾಯಿ. ಹಳೆಯದೊಂದು ಸೋರತೊಡಗಿದ್ದರಿಂದ ಅದರ ವೈನ್ ತುಂಬಲು, ಮಗಳು ಜ್ವರದಲ್ಲಿ ಮಲಗಿದ್ದಾಗ, ಮುಚ್ಚಿಹೋದ ಯಾರದೋ ನೆಲಮಾಳಿಗೆಯಿಂದ ಅನ್ಸೆಲ್ಮ್ ಕೊಂಡು ತಂದಿದ್ದು. ಕೆಡುವುದಿದ್ದರೆ ಇದೇ ಕೆಟ್ಟಿರಬೇಕು. ಗಾಜಿನ ಕೊಳವೆಯಿಂದ ವೈನ್ ಎತ್ತಿ ಇಬ್ಬರ ಲೋಟಕ್ಕೂ ಬಿಡುವಾಗ ನಾಲ್ಕು ಹನಿ ನೆಲಕ್ಕೆ ಬಿದ್ದವು.

"ನಿಧಾನವಾಗಿ ನೋಡು. ಅವಸರ ಬೇಡ."

ಅವಳು ಮೂಸಿದಳು. ಗುಟುಕು ಬಾಯಿಗೆ ಹಾಕಿ ಆಡಿಸಿ ಉಗುಳಿದಳು. ನಾಲಿಗೆಗೆ ಎಲ್ಲ ಸರಿಯಿತ್ತು. ಮೂಗು ಎಂದಿನಂತೆ ಕಲ್ಲು. ಇನ್ನು ಸುಳ್ಳು ಹೇಳಲಾರೆ ಎನಿಸಿತು.

"ಅಪ್ಪ..."

"ಏನು? ಏನಾದ್ರೂ ಇದೆಯಾ ಅದರಲ್ಲಿ?" ಅನ್ಸೆಲ್ಮ್ ಅವಳತ್ತ ಬಾಗಿದ. ಅವನ ದನಿ ಎಂದೂ ಇಲ್ಲದಷ್ಟು ಸಣ್ಣಗಿತ್ತು. ಬಾಯಿ ಬಿಡಿಸಲು ನೋಡುತ್ತಿದ್ದಾನೆ ಎಂದುಕೊಂಡಳು. ಗುತ್ತಿಗೆ ಪತ್ರಕ್ಕೆ ಸಹಿ ಹಾಕಿ ಎದ್ದುಹೋದ ಚಿಕ್ಕಪ್ಪನ ಮುಖ ಕಣ್ಣೆದುರು ಬಂತು.

ಅವಳು ಅಪ್ಪನ ಮುಖವನ್ನೇ ಓದಿದಳು. ಅವನ ಮೂಗು ಲೋಟದಲ್ಲಿತ್ತು. ಒಂದು ಗೆರೆಯೂ ಅಲುಗಲಿಲ್ಲ. ಇಡೀ ಊರು ನಂಬುವ ಮೂಗು ಅದು. ನಾತವಿದ್ದಿದ್ದರೆ ಈ ಹೊತ್ತಿಗೆ ಲೋಟ ಗೋಡೆಗೆ ಬಡಿದಿರುತ್ತಿತ್ತು. ಅವಳಿಗೆ ಧೈರ್ಯ ಬಂತು.

"ಏನಿಲ್ಲ. ಚೆನ್ನಾಗಿದೆ."

"ಖಂಡಿತಾನಾ?"

"ಖಂಡಿತ. ಯಾಕೆ, ನಿನಗೇನನ್ಸುತ್ತೆ?"

"ನೀನು ಹೇಳಿದ್ದೇ," ಎಂದು ಅವನು ಗೀಟೆಳೆದ.

ಪಂಪು ಗುಡುಗತೊಡಗಿತು. ಪೀಪಾಯಿಗಳು ಒಂದೊಂದಾಗಿ ತೊಟ್ಟಿಗೆ ಬರಿದಾದವು. ಕೊನೆಗೆ ಮೂಲೆಯದೂ ಕೊಳವೆಯೊಳಗೆ ಹರಿದು ಉಳಿದದ್ದರೊಡನೆ ಬೆರೆತುಹೋಯಿತು. ಇನ್ನು ಅದನ್ನು ಬೇರ್ಪಡಿಸಲು ಯಾರಿಂದಲೂ ಆಗದು.

ಅನ್ಸೆಲ್ಮ್ ಪಂಪು ನಿಲ್ಲಿಸಿ, ಜೇಬಿನಿಂದ ಬೀಗದ ಕೈ ತೆಗೆದು ಅವಳ ಅಂಗೈಯಲ್ಲಿಟ್ಟು ಬೆರಳು ಮಡಚಿದ. ಅವನ ಕಣ್ಣಲ್ಲಿ ನೀರಿತ್ತು. ಗೆದ್ದೆ ಎಂದುಕೊಂಡಳು ಸೆವರೀನ್. ಚಳಿಗಾಲದಿಂದ ಬಿಗಿಹಿಡಿದಿದ್ದ ಉಸಿರು ಸಡಿಲವಾಯಿತು, ನಗುವೇ ಬಂತು.

"ಇನ್ನು ಹೇಳೋಕೆ ನನಗೆ ಭಯ ಇಲ್ಲ," ಎಂದ ಅವನು. "ನನ್ನ ಮೂಗು ಸತ್ತು ಐದು ಸುಗ್ಗಿ ಆಯ್ತು ಮಗಳೇ. ಅವತ್ತಿಂದ ಈ ನೆಲಮಾಳಿಗೆಯಲ್ಲಿ ವಾಸನೆ ನೋಡ್ತಿರೋದು ನೀನೊಬ್ಬಳೇ."